ಉಗಿಯನ್ನು ಎರಡು ಸಲ ದುಡಿಸಿದ ಫ್ರಾನ್ಸಿಸ್ ವೆಬ್

ಗದಗ ಜಂಕ್ಷನ್‌ನಲ್ಲಿ ಉದ್ದನೆಯ ಗೂಡ್ಸ್ ಗಾಡಿ ಹಾದುಹೋಗುವುದನ್ನು ನೀವೆಲ್ಲ ಕಂಡಿದ್ದೀರಿ. ಅಂಥ ಭಾರವನ್ನು ಉಗಿಯಿಂದಲೇ ಎಳೆಯುತ್ತಿದ್ದ ಕಾಲದಲ್ಲಿ, ಕಲ್ಲಿದ್ದಲನ್ನು ಹೇಗೆ ಉಳಿಸಬೇಕೆಂದು ಜೀವನವಿಡೀ ಚಿಂತಿಸಿದವರು ಇಂಗ್ಲೆಂಡಿನ ಫ್ರಾನ್ಸಿಸ್ ವಿಲಿಯಂ ವೆಬ್.

ವೆಬ್ ಅವರು 1836ರ ಮೇ 21ರಂದು ಸ್ಟಾಫರ್ಡ್‌ಶೈರ್‌ನ ಟಿಕ್ಸಲ್ ಗ್ರಾಮದಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. 15ನೇ ವಯಸ್ಸಿನಲ್ಲಿ ಕ್ರೂ ಪಟ್ಟಣದ ರೈಲ್ವೆ ಕಾರ್ಖಾನೆಗೆ ಕೆಲಸ ಕಲಿಯಲು ಸೇರಿದರು. 1871ರಲ್ಲಿ ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ ಇಂಜಿನ್ ವಿಭಾಗಕ್ಕೇ ಮುಖ್ಯಸ್ಥರಾದರು.

ಸಾಮಾನ್ಯ ಇಂಜಿನಿನಲ್ಲಿ ಉಗಿಯು ಒಮ್ಮೆ ಪಿಸ್ಟನ್ನನ್ನು ತಳ್ಳಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಅದರಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ. ಆ ಉಗಿಯನ್ನು ಮತ್ತೊಂದು ದೊಡ್ಡ ಸಿಲಿಂಡರಿಗೆ ಬಿಟ್ಟು ಎರಡನೇ ಸಲ ದುಡಿಸುವುದೇ ಕಾಂಪೌಂಡ್ ಪದ್ಧತಿ. ಒತ್ತಡ ಇಳಿದಿರುವುದರಿಂದ ಎರಡನೇ ಸಿಲಿಂಡರ್ ದೊಡ್ಡದಾಗಿರಲೇಬೇಕು.

1882ರಿಂದ ವೆಬ್ ಇದೇ ಪದ್ಧತಿಯಲ್ಲಿ ಪ್ರಯಾಣಿಕರ ಗಾಡಿಯ ಇಂಜಿನುಗಳನ್ನು ಕಟ್ಟಿದರು. ಅವುಗಳಲ್ಲಿ ಅನೇಕಕ್ಕೆ ಎರಡು ಜೋಡಿ ಚಾಲಕ ಚಕ್ರಗಳನ್ನು ಒಂದಕ್ಕೊಂದು ಕೂಡಿಸಿರಲಿಲ್ಲ. ಹೊರಡುವಾಗ ಚಕ್ರಗಳು ಜಾರುತ್ತಿದ್ದವು. ಟೀಕೆಗಳು ಬಂದರೂ ಅವರು ತಮ್ಮ ಹಾದಿ ಬಿಡಲಿಲ್ಲ.

1893ರಲ್ಲಿ ಗೂಡ್ಸ್ ಗಾಡಿಗಾಗಿ ಮಾಡಿದ ಇಂಜಿನಿನಲ್ಲಿ ಮಾತ್ರ ಎಂಟೂ ಚಕ್ರಗಳನ್ನು ಕೂಡಿಸಿದರು. 15 ಇಂಚಿನ ಎರಡು ಸಿಲಿಂಡರುಗಳಿಂದ ಬಂದ ಉಗಿ 30 ಇಂಚಿನ ಒಂದು ಸಿಲಿಂಡರಿನಲ್ಲಿ ಮತ್ತೆ ಕೆಲಸ ಮಾಡುತ್ತಿತ್ತು. 1900ರವರೆಗೆ ಇಂಥ 111 ಇಂಜಿನುಗಳು ಸಿದ್ಧವಾದವು. ನಿಧಾನವಾಗಿ ಭಾರ ಎಳೆಯುವ ಕೆಲಸಕ್ಕೆ ಅವು ಚೆನ್ನಾಗಿ ಒಗ್ಗಿದವು. ಬಳಿಕ ನಾಲ್ಕು ಸಿಲಿಂಡರಿನ 170 ಇಂಜಿನುಗಳು ಬಂದವು.

1903ರಲ್ಲಿ ವೆಬ್ ನಿವೃತ್ತರಾದರು. ಅವರ ನಂತರ ಬಂದವರು ಕಾಂಪೌಂಡ್ ಪದ್ಧತಿಯನ್ನೇ ಕೈಬಿಟ್ಟರು. ಪ್ರಯಾಣಿಕರ ಇಂಜಿನುಗಳಲ್ಲಿ ಹಲವು ಗುಜರಿ ಸೇರಿದವು. ಗೂಡ್ಸ್ ಇಂಜಿನುಗಳ ಗಟ್ಟಿ ಚಕ್ರ, ಚೌಕಟ್ಟುಗಳನ್ನು ಉಳಿಸಿಕೊಂಡು, ಸಾದಾ ಸಿಲಿಂಡರ್ ಜೋಡಿಸಿದರು. ಹೀಗೆ ಮಾರ್ಪಟ್ಟ ಕೆಲವು 1948ರ ನಂತರವೂ ಓಡಿದವು.

1906ರ ಜೂನ್ 4ರಂದು ವೆಬ್ ತೀರಿಕೊಂಡರು. ಅವಿವಾಹಿತರಾಗಿದ್ದ ಅವರು, ತಮ್ಮ ರೈಲ್ವೆಯ ಕೆಲಸಗಾರರ ತಬ್ಬಲಿ ಮಕ್ಕಳಿಗಾಗಿ ಒಂದು ಅನಾಥಾಲಯ ಕಟ್ಟಲು ದೊಡ್ಡ ಮೊತ್ತವನ್ನು ಬರೆದಿಟ್ಟಿದ್ದರು. 1911ರಲ್ಲಿ ಕ್ರೂ ಪಟ್ಟಣದಲ್ಲಿ ಅದು ತೆರೆಯಿತು.

ವಿದ್ಯಾರ್ಥಿ ಮಿತ್ರರೇ, ವೆಬ್ ಅವರ ಹಠವನ್ನೂ ನೋಡಿರಿ, ಉದಾರತೆಯನ್ನೂ ನೋಡಿರಿ. ತಮ್ಮ ಲೆಕ್ಕವೇ ಸರಿಯೆಂದು ನಂಬಿದ ಆ ಕಠಿಣ ಮನುಷ್ಯ, ಬಾಯ್ಲರಿಗೆ ಕಲ್ಲಿದ್ದಲು ತುಂಬಿದವನ ಮನೆಯ ಮಕ್ಕಳನ್ನು ಮರೆತಿರಲಿಲ್ಲ.