ಕೂಲಿಗಾರರ ಪಾದ್ರಿ ಸ್ಟಡರ್ಟ್ ಕೆನೆಡಿ

ಜೆಫ್ರಿ ಸ್ಟಡರ್ಟ್ ಕೆನೆಡಿಯು 1883ನೆಯ ಇಸವಿಯಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಹುಟ್ಟಿದನು. ಆತನ ತಂದೆಯು ಅಲ್ಲಿಯ ಬಡವರ ಕೇರಿಯೊಂದರಲ್ಲಿ ಸಭಾಪಾಲಕನಾಗಿದ್ದನು. 1915ರ ಕೊನೆಯಲ್ಲಿ ಆತನು ಸೈನ್ಯದ ಪಾದ್ರಿಯಾಗಿ ಫ್ರಾನ್ಸಿಗೆ ಹೋದನು. ರಣರಂಗಕ್ಕೆ ಹೊರಟ ಸಿಪಾಯಿಗಳಿಗೆ ಹೊಸ ಒಡಂಬಡಿಕೆಯ ಸಂಗಡ ವುಡ್‌ಬೈನ್ ಎಂಬ ಅಗ್ಗದ ಸಿಗರೇಟನ್ನೂ ಕೊಡುತ್ತಿದ್ದುದರಿಂದ ಅವರು ಆತನನ್ನು ವುಡ್‌ಬೈನ್ ವಿಲ್ಲಿ ಎಂದು ಕರೆದರು. ಹೊಗೆಸೊಪ್ಪನ್ನು ನಾವು ಹೊಗಳುವವರಲ್ಲ. ಆದರೂ ಸಾಯಲು ಹೊರಟವನ ಬಳಿಗೆ ಬರಿಗೈಯಲ್ಲಿ ಹೋಗದಿದ್ದ ಪಾದ್ರಿಯನ್ನು ದೂಷಿಸಲಾರೆವು. 1917ರಲ್ಲಿ ಮೆಸೀನ್ಸ್ ಎಂಬಲ್ಲಿ ಗುಂಡುಗಳ ನಡುವೆ ಹಳ್ಳಕೊಳ್ಳಗಳನ್ನು ಹುಡುಕಿ, ತನ್ನವರನ್ನೂ ಶತ್ರುಗಳನ್ನೂ ಭೇದವೆಣಿಸದೆ ಉಪಚರಿಸಿದ್ದಕ್ಕಾಗಿ ಆತನಿಗೆ ಮಿಲಿಟರಿ ಕ್ರಾಸ್ ಪದಕವು ದೊರೆಯಿತು.

ಯುದ್ಧವು ತೀರಿತು. ಸಿಪಾಯಿಗಳು ಗಣಿಗೂ ಕಾರ್ಖಾನೆಗೂ ಹಿಂದಿರುಗಿದರು. ಅನೇಕರಿಗೆ ಕೆಲಸವೇ ದೊರೆಯಲಿಲ್ಲ. ಮೊದಲು ಯುದ್ಧವನ್ನು ಹುರಿದುಂಬಿಸಿದ್ದ ಆತನು ಈಗ ಅದನ್ನು ಪಾಪವೆಂದೇ ಸಾರಿದನು. ರೈಲುದಾರಿಗಳಿಗೆ ಮಣ್ಣು ಅಗೆಯುತ್ತಿದ್ದ ಕೂಲಿಗಳ ಸೇವೆಗಾಗಿ ಹುಟ್ಟಿದ್ದ ಒಂದು ಮಿಶನ್ನು ಬೇರೊಂದು ಸಂಘದೊಡನೆ ಕೂಡಿ ಇಂಡಸ್ಟ್ರಿಯಲ್ ಕ್ರಿಶ್ಚಿಯನ್ ಫೆಲೋಶಿಪ್ ಆಗಿತ್ತು. ಅದರ ಬೋಧಕನಾಗಿ ಆತನು ದೇಶವನ್ನೆಲ್ಲ ಸಂಚರಿಸಿದನು. ದುಡಿಯುವವನ ಆತ್ಮವನ್ನು ವಿಚಾರಿಸುವವರು ಅವನ ಕೂಲಿಯನ್ನೂ ವಿಚಾರಿಸಬೇಕೆಂಬುದು ಆತನ ಮತವಾಗಿತ್ತು. ಇದು ಧನಿಕರಲ್ಲಿ ಹಲವರಿಗೆ ರುಚಿಸಲಿಲ್ಲ.

ಉಬ್ಬಸ ರೋಗವಿದ್ದರೂ ಆತನು ಪ್ರಯಾಣವನ್ನು ಬಿಡಲಿಲ್ಲ. ಬೋಧಿಸಲು ಲಿವರ್‌ಪೂಲಿಗೆ ಹೋಗಿದ್ದಾಗ, 1929ನೆಯ ಮಾರ್ಚ್ 8ರಂದು, 45ನೆಯ ವಯಸ್ಸಿನಲ್ಲಿ ನಿದ್ರೆಹೊಂದಿದನು. ವೂಸ್ಟರ್ ಪಟ್ಟಣದಲ್ಲಿ ಶವಯಾತ್ರೆಯು ಸಾಗಿದಾಗ ಬೀದಿಯಲ್ಲಿ ನೆರೆದಿದ್ದ ಹಳೆಯ ಸಿಪಾಯಿಗಳು ವುಡ್‌ಬೈನ್ ಪೊಟ್ಟಣಗಳನ್ನು ಅರ್ಪಿಸಿದರು.