ಒಂದೇ ಹೋರಾಟದ ಹಲವು ಕಾಲಗಳು: ಬಿ.ಆರ್. ಪಂತುಲು ಅವರ ಬದುಕು ಮತ್ತು ಚಾರಿತ್ರಿಕ ಚಿತ್ರಗಳು

ಕನ್ನಡ ಚಲನಚಿತ್ರದ ಚರಿತ್ರೆಯಲ್ಲಿ ಬಿ.ಆರ್. ಪಂತುಲು (1910–1974) ಅವರಿಗೆ ಗೌರವದ ಸ್ಥಾನವಿದೆ. ಆದರೆ ಅದು ಹೆಚ್ಚಾಗಿ ಅದ್ದೂರಿ ಚಿತ್ರಗಳ ನಿರ್ಮಾಪಕನೊಬ್ಬನಿಗೆ ಸಲ್ಲುವ ಸ್ಥಾನ. ಮದ್ರಾಸಿನಲ್ಲಿ ನೆಲೆನಿಂತು ತಮಿಳು ಮತ್ತು ಕನ್ನಡ ಎರಡೂ ಭಾಷೆಗಳಲ್ಲಿ ಚಿತ್ರ ತೆಗೆದ ಅವರನ್ನು ಒಂದು ಭಾಷೆಯ ಚರಿತ್ರೆಯೊಳಗೆ ಇರಿಸಿ ನೋಡಿದಾಗ ಅವರ ಕೆಲಸದ ಅರ್ಧಭಾಗ ಕಣ್ಣಿಗೆ ಬೀಳುವುದಿಲ್ಲ. ತಮಿಳಿನ ಅರ್ಧವನ್ನು ಬಿಟ್ಟು ನೋಡಿದರೆ ‘ಕಿತ್ತೂರು ಚೆನ್ನಮ್ಮ’ (1961) ಏಕೀಕರಣದ ನಂತರದ ನಾಡಪ್ರೇಮದ ಒಂದು ಚಿತ್ರವಾಗಿ ಕಾಣುತ್ತದೆ. ಆ ಅರ್ಧವನ್ನು ಸೇರಿಸಿ ಅವಸರದಲ್ಲಿ ನೋಡಿದರೆ ಅದು ‘ವೀರಪಾಂಡಿಯ ಕಟ್ಟಬೊಮ್ಮನ್’ (1959) ಚಿತ್ರದ ಕನ್ನಡ ಪಡಿಯಚ್ಚೆಂದು ತೋರುತ್ತದೆ. ಇವೆರಡೂ ಅರೆ ಸತ್ಯಗಳು. 1958ರಿಂದ 1961ರವರೆಗಿನ ಅವರ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಬೇರೆ ಬೇರೆ ಕಾಲಗಳಲ್ಲಿ ಮರುಕಳಿಸುವ ಒಂದೇ ಮಾನವ ಸಂಕಟವನ್ನು ಪಂತುಲು ಹಿಂಬಾಲಿಸುತ್ತಿದ್ದರೆಂಬುದು ಸ್ಪಷ್ಟವಾಗುತ್ತದೆ.

ಕನ್ನಡ, ತೆಲುಗು, ತಮಿಳು ಮೂರೂ ಬೆರೆಯುವ ಕೋಲಾರ–ಕುಪ್ಪಂ ಗಡಿಸೀಮೆಯ ಕುಟುಂಬದಲ್ಲಿ 1910ರ ಜುಲೈ 26ರಂದು ಪಂತುಲು ಜನಿಸಿದರು. ಮೊದಲು ಕೈಹಿಡಿದದ್ದು ಶಾಲಾಮಾಸ್ತರಿಕೆ. ಅದನ್ನು ಬಿಟ್ಟು ಅವರು ನಾಟಕಕ್ಕೆ ಬಂದರು. ಆಗ ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯು ಪೌರಾಣಿಕದ ಬದಿಗೆ ಸಾಮಾಜಿಕ ನಾಟಕವನ್ನೂ ಆಡಿ ಹೆಸರು ಮಾಡಿತ್ತು. ಆ ಮಂಡಳಿಯ ‘ಸಂಸಾರ ನೌಕೆ’ 1936ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ಚಿತ್ರವಾದಾಗ ಪಂತುಲು ಮತ್ತು ಎಂ.ವಿ. ರಾಜಮ್ಮ ಪ್ರಧಾನ ಪಾತ್ರಗಳಲ್ಲಿ ಕಾಣಿಸಿಕೊಂಡರು. ಕನ್ನಡ ವಾಕ್ಚಿತ್ರ ಪುರಾಣದಿಂದ ಸಮಕಾಲೀನ ಮನೆಯೊಳಕ್ಕೆ ಕಾಲಿಟ್ಟದ್ದು ಈ ಚಿತ್ರದೊಂದಿಗೆ. ಪಂತುಲು ಮುಂದೆ ಯಾರ ಬದುಕನ್ನು ತೆರೆಗೆ ತಂದರೋ ಆ ವ.ಉ. ಚಿದಂಬರಂ ಪಿಳ್ಳೆ ತೀರಿಕೊಂಡದ್ದೂ 1936ರಲ್ಲಿಯೇ. ಇದು ಕಾಕತಾಳೀಯ, ಆದರೂ ಆ ಇತಿಹಾಸ ಪಂತುಲು ಅವರ ಆಯುಷ್ಯಕ್ಕೆ ಎಷ್ಟು ಹತ್ತಿರದ್ದೆಂಬುದನ್ನು ಇದು ಸೂಚಿಸುತ್ತದೆ.

ನಡುವಿನ ಎರಡು ದಶಕಗಳು ರಂಗಭೂಮಿಯಲ್ಲಿಯೂ ಮದ್ರಾಸಿನ ಚಿತ್ರಗಳ ನಟನೆಯಲ್ಲಿಯೂ ಕಳೆದವು. 1950ರ ದಶಕದ ನಡುವೆ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯ ಮೂಲಕ ಅವರು ನಿರ್ಮಾಪಕರಾದರು. 1955ರಲ್ಲಿ ‘ಮೊದಲ ತೇದಿ’ ಚಿತ್ರವನ್ನು ನಿರ್ದೇಶಿಸಿದರು. ತಿಂಗಳ ಸಂಬಳದ ದಿನವನ್ನು ಸೂಚಿಸುವ ಆ ಹೆಸರೇ ಅವರ ಆರಂಭದ ಆಸಕ್ತಿ ಎತ್ತಲಿತ್ತೆಂಬುದನ್ನು ಹೇಳುತ್ತದೆ. ಅಲ್ಲಿ ಅರಮನೆಯಿಲ್ಲ, ಕತ್ತಿಯಿಲ್ಲ. ಲೆಕ್ಕ ಸರಿದೂಗದ ಒಂದು ಮಧ್ಯಮವರ್ಗದ ಮನೆಯಿದೆ.

1958ರ ‘ಸ್ಕೂಲ್ ಮಾಸ್ಟರ್’ ಈ ಆಸಕ್ತಿಯ ಪರಿಪಾಕ. ಒಮ್ಮೆ ತಾವೇ ನಿಭಾಯಿಸಿದ್ದ ವೃತ್ತಿಯ ಪಾತ್ರವನ್ನು ಪಂತುಲು ಇಲ್ಲಿ ವಹಿಸಿದರು; ಮಡದಿಯ ಪಾತ್ರ ರಾಜಮ್ಮ ಅವರದು. ಪ್ರಾಮಾಣಿಕನಾಗಿ ದುಡಿದು ನಿವೃತ್ತನಾದ ಉಪಾಧ್ಯಾಯ, ವೃದ್ಧ ತಂದೆತಾಯಿಯರನ್ನು ಒಟ್ಟಿಗೆ ಇರಗೊಡದ ಮಕ್ಕಳು, ಕಡೆಗೆ ಕೈಹಿಡಿಯುವ ಹಳೆಯ ಶಿಷ್ಯ – ಇದು ಕಥೆಯ ಹಂದರ. ತಮಿಳು, ಹಿಂದಿ, ಮಲಯಾಳ, ತೆಲುಗು ಭಾಷೆಗಳಿಗೂ ಈ ಕಥೆ ಹೋಯಿತು. ಇದನ್ನು ಕಣ್ಣೀರಿನ ಕೌಟುಂಬಿಕ ಚಿತ್ರವೆಂದು ವರ್ಗೀಕರಿಸಿ ಮುಂದೆ ಸಾಗುವುದು ರೂಢಿ. ಆದರೆ ಪಂತುಲು ಅವರ ಚಾರಿತ್ರಿಕ ಚಿತ್ರಗಳ ಬೀಜ ಇಲ್ಲಿಯೇ ಇದೆ. ತನ್ನದೆಂದು ನಂಬಿದ್ದನ್ನು ಕಾಯಲು ನಿಂತ ವ್ಯಕ್ತಿಯನ್ನು ಎದುರಾಳಿಗಿಂತ ಮೊದಲು ತನ್ನವರೇ ಕೈಬಿಡುವ ಸನ್ನಿವೇಶವದು. ಮುಂದಿನ ಮೂರು ವರ್ಷಗಳಲ್ಲಿ ಅವರು ಇದೇ ಸನ್ನಿವೇಶವನ್ನು ಮನೆಯಿಂದ ಎತ್ತಿ ಇತಿಹಾಸದ ಮೂರು ಘಟ್ಟಗಳಲ್ಲಿ ಇರಿಸಿ ನೋಡಿದರು.

ಮೊದಲನೆಯದು 1799ರ ಪಾಂಚಾಲಂಕುರಿಚಿ. ಶಿವಾಜಿ ಗಣೇಶನ್ ಅವರ ನಾಟಕ ತಂಡ ಆಗಲೇ ಆಡುತ್ತಿದ್ದ ಕಟ್ಟಬೊಮ್ಮನ ನಾಟಕವನ್ನು ಪಂತುಲು ವರ್ಣಚಿತ್ರವಾಗಿಸಿದರು. ಕಪ್ಪ ಬಾಕಿಯ ಸಲುವಾಗಿ ಕಲೆಕ್ಟರ್ ಜಾಕ್ಸನ್ ಪಾಳೆಯಗಾರನನ್ನು ಕರೆಸಿಕೊಂಡದ್ದು, ಎಟ್ಟಯಪುರದವರು ಕಂಪನಿಯ ಪಕ್ಷ ಸೇರಿದ್ದು, ಪುದುಕೋಟೆಯ ತೊಂಡೈಮಾನನು ಆಶ್ರಯ ಅರಸಿದವನನ್ನು ಹಿಡಿದುಕೊಟ್ಟದ್ದು, 1799ರ ಅಕ್ಟೋಬರ್ 16ರಂದು ಕಯತ್ತಾರಿನಲ್ಲಿ ಗಲ್ಲಿಗೇರಿಸಿದ್ದು – ಇವು ಆ ಇತಿಹಾಸದ ಮುಖ್ಯ ಘಟನೆಗಳು. ಕಟ್ಟಬೊಮ್ಮನ ಮನೆಮಾತು ತೆಲುಗು. ಅವನನ್ನು ತಮಿಳಿನ ವೀರನನ್ನಾಗಿ ತೆರೆಗೆ ತಂದವರು ಕನ್ನಡ ರಂಗಭೂಮಿಯಿಂದ ಬಂದ ನಿರ್ದೇಶಕರು. ಗಡಿಸೀಮೆಯಲ್ಲಿ ಹುಟ್ಟಿದವರಿಗೆ ಇದು ವಿಚಿತ್ರವಾಗಿ ತೋರಿರಲಾರದು. 1960ರಲ್ಲಿ ಕೈರೋದ ಆಫ್ರೋ–ಏಷ್ಯನ್ ಚಿತ್ರೋತ್ಸವದಲ್ಲಿ ಶಿವಾಜಿ ಗಣೇಶನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂದ ಮೇಲೆ ಚಿತ್ರದ ಖ್ಯಾತಿಯೆಲ್ಲ ನಟನ ಸುತ್ತ ನೆಲೆಗೊಂಡಿತು. ನಿರ್ದೇಶಕ ಹಿನ್ನೆಲೆಗೆ ಸರಿದರು.

ಎರಡನೆಯದು 1824ರ ಕಿತ್ತೂರು. ಇಲ್ಲಿ ತುಸು ನಿಲ್ಲುವುದು ಅವಶ್ಯ. ದೊರೆ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಮಾಸ್ತಮರಡಿಯ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಳ್ಳಲಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪದೆ ಸಂಸ್ಥಾನದ ಖಜಾನೆಗೆ ಮೊಹರು ಹಾಕಿಸಿದನು. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ನಿಧನಳಾದಳು. ಒಳಗಿನವರ ದ್ರೋಹದ ಹೊಣೆಯನ್ನು ಜನಸ್ಮೃತಿ ಮಲ್ಲಪ್ಪಶೆಟ್ಟಿ ಮತ್ತು ವೆಂಕಟರಾಯರ ಮೇಲೆ ಹೊರಿಸಿದೆ. ಕಪ್ಪದ ಲೆಕ್ಕ ಕೇಳುವ ಕಲೆಕ್ಟರ್, ಅದನ್ನು ನಿರಾಕರಿಸುವ ಸಣ್ಣ ಸಂಸ್ಥಾನ, ಒಳಗಿನಿಂದ ಬಿರುಕು ಬಿಟ್ಟ ಕೋಟೆ – ಇವು ಕಟ್ಟಬೊಮ್ಮನ ಕಥೆಯ ಅಂಗಗಳೇ. ಪಡಿಯಚ್ಚೆಂಬ ಆಕ್ಷೇಪಕ್ಕೆ ಇಷ್ಟು ಆಧಾರ ಸಾಕು.

ಆದರೆ ವ್ಯತ್ಯಾಸ ಇರುವುದು ಪಾತ್ರಹಂಚಿಕೆಯಲ್ಲಿ. ರಾಜಕುಮಾರ್ ವಹಿಸಿದ್ದು ಮಲ್ಲಸರ್ಜನ ಪಾತ್ರ. ಇತಿಹಾಸದ ಮಲ್ಲಸರ್ಜ ಪೇಶ್ವೆಯ ಬಂಧನದಿಂದ ಬಿಡುಗಡೆಗೊಂಡು 1816ರಲ್ಲಿಯೇ ತೀರಿಕೊಂಡವನು. ಕಾಳಗಕ್ಕೂ ಅವನ ಮರಣಕ್ಕೂ ಎಂಟು ವರ್ಷಗಳ ಅಂತರ. ಹೀಗಾಗಿ ಕಥೆಯ ಸ್ವರೂಪವೇ ನಾಯಕನಟನನ್ನು ದಾರಿಯ ನಡುವೆ ಇಳಿಸಿ, ಚೆನ್ನಮ್ಮನಾದ ಬಿ. ಸರೋಜಾದೇವಿ ಮತ್ತು ಹಿರಿಯ ರಾಣಿ ರುದ್ರಮ್ಮನಾದ ರಾಜಮ್ಮ ಅವರ ಕೈಗೆ ಭಾರವನ್ನು ಕೊಡುತ್ತದೆ. ಕಟ್ಟಬೊಮ್ಮನಲ್ಲಿ ಹೋರಾಟ ಮಾತಿನ ಪ್ರತಾಪದಿಂದ ಆರಂಭವಾದರೆ, ಇಲ್ಲಿ ಅದು ವೈಧವ್ಯದಿಂದ, ದತ್ತಕದಿಂದ, ಬೀಗ ಬಿದ್ದ ಖಜಾನೆಯಿಂದ, ಎಂದರೆ ಒಂದು ಮನೆಯ ಹಕ್ಕಿನ ತಕರಾರಿನಿಂದ ಮೊದಲಾಗುತ್ತದೆ. ಈ ಕಾರಣದಿಂದ ‘ಕಿತ್ತೂರು ಚೆನ್ನಮ್ಮ’ ಕಟ್ಟಬೊಮ್ಮನಿಗಿಂತ ‘ಸ್ಕೂಲ್ ಮಾಸ್ಟರ್’ ಚಿತ್ರಕ್ಕೆ ಹೆಚ್ಚು ಸಮೀಪದ ಕೃತಿ. ಅಕ್ಕಮಹಾದೇವಿಯ ವಚನವನ್ನು ಚಿತ್ರದಲ್ಲಿ ಅಳವಡಿಸಿದ್ದನ್ನೂ ಇದೇ ಹಿನ್ನೆಲೆಯಲ್ಲಿ ಗಮನಿಸಬೇಕು. ಹನ್ನೆರಡನೆಯ ಶತಮಾನದ ಹೆಣ್ಣೊಬ್ಬಳ ದನಿ ಹತ್ತೊಂಬತ್ತನೆಯ ಶತಮಾನದ ಕಥೆಯೊಳಗೆ ಕೇಳಿಬರುವಾಗ ಎರಡು ಕಾಲಗಳು ಸಹಜವಾಗಿ ಒಂದನ್ನೊಂದು ಮುಟ್ಟುತ್ತವೆ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯ ಮನ್ನಣೆಯೂ ದೊರೆಯಿತು.

ಇನ್ನು ಪ್ರಾದೇಶಿಕತೆಯ ಪ್ರಶ್ನೆ. ಬೆಳಗಾವಿಯಿಂದ ಸಂಕೇಶ್ವರದತ್ತ ಹೋಗುವ ಹೆದ್ದಾರಿಯಲ್ಲಿ ಮೊದಲು ಸಿಗುವುದು ಚೆನ್ನಮ್ಮನ ತವರು ಕಾಕತಿ. ಅದೇ ದಾರಿಯಲ್ಲಿ ಮುಂದೆ ಹುಕ್ಕೇರಿ ತಾಲೂಕಿನ ಹತ್ತರಗಿ. ಈ ಹಳ್ಳಿಗಳ ಸೀಮೆಯಲ್ಲಿ ಕಿತ್ತೂರಿನ ನೆನಪು ಉಳಿದು ಬಂದದ್ದು ಲಾವಣಿ, ಗೀಗಿಪದಗಳ ಮೂಲಕ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಇದೆ. ಸಿನಿಮಾದ ದೃಷ್ಟಿಯಿಂದ ಹೇಳುವುದಾದರೆ ಹತ್ತರಗಿಯವರಿಗೆ ಕೊಲ್ಲಾಪುರ ಹತ್ತಿರ, ಮದ್ರಾಸು ಬಹುದೂರ. ಕೊಲ್ಲಾಪುರದ ಚಿತ್ರಪರಂಪರೆಯ ಭಾಲಜಿ ಪೆಂಢಾರಕರ್ 1952ರಲ್ಲಿಯೇ ‘ಛತ್ರಪತಿ ಶಿವಾಜಿ’ ಚಿತ್ರವನ್ನು ತೆರೆಗೆ ತಂದಿದ್ದರು. ಏಕೀಕರಣವಾಗಿ ಐದು ವರ್ಷ ಕಳೆದಿತ್ತು. ಗಡಿಯ ವಾದ ಇನ್ನೂ ಆರಿರಲಿಲ್ಲ. ಅಂಥ ಹೊತ್ತಿನಲ್ಲಿ ತಮ್ಮ ಜಿಲ್ಲೆಯ ರಾಣಿಯೊಬ್ಬಳು ಕನ್ನಡದ ತೆರೆಯ ಮೇಲೆ ಬಂದದ್ದು ಈ ಭಾಗಕ್ಕೆ ಸಣ್ಣ ಸಂಗತಿಯಲ್ಲ. ಆದರೆ ಆ ರಾಣಿ ಆಡುವುದು ಕಂಪನಿ ನಾಟಕದ ಗ್ರಾಂಥಿಕ ಕನ್ನಡವನ್ನು, ಕಾಕತಿಯ ಮಾತನ್ನಲ್ಲ. ಥ್ಯಾಕರೆಯನ್ನು ಹೊಡೆದವನೆಂದು ಜನಪದರು ನೆನೆಯುವ ಅಮಟೂರು ಬಾಳಪ್ಪನಂಥವರು ಹಾಡಿನಲ್ಲಿ ಪಡೆದಿರುವ ಎತ್ತರ ತೆರೆಯ ಮೇಲೆ ಅರಸುಮನೆಗೆ ಮೀಸಲಾಗುತ್ತದೆ. ಹಳೆಯ ಮೈಸೂರಿನ ರಂಗಭೂಮಿ ಉತ್ತರದ ಇತಿಹಾಸವನ್ನು ತನ್ನ ನುಡಿಗೆ ಒಗ್ಗಿಸಿಕೊಂಡ ರೀತಿಯಿದು. ಈ ಕೊರತೆಯನ್ನು ಕಾಲದ ಮಿತಿಯೆಂದು ಕ್ಷಮಿಸಬಹುದು, ಕಾಣದಂತೆ ಇರಲಾಗದು.

ಮೂರನೆಯ ಘಟ್ಟ ಪಂತುಲು ಅವರಿಗೆ ದುಬಾರಿಯಾಯಿತು. ಅದೇ 1961ರ ‘ಕಪ್ಪಲೋಟ್ಟಿಯ ತಮಿಳನ್’ ಚಿತ್ರದ ವಸ್ತು ವ.ಉ. ಚಿದಂಬರಂ ಪಿಳ್ಳೆಯವರ ಜೀವನ. ಮ.ಪೊ. ಶಿವಜ್ಞಾನಂ ಬರೆದ ಜೀವನಚರಿತ್ರೆ ಅದರ ಆಧಾರ. ಇಲ್ಲಿ ನಾಯಕ ಪಾಳೆಯಗಾರನಲ್ಲ, ವಕೀಲ. ಅವನ ಅಸ್ತ್ರ ಕತ್ತಿಯಲ್ಲ. 1906ರಲ್ಲಿ ತೂತ್ತುಕುಡಿಯಲ್ಲಿ ಸ್ಥಾಪಿಸಿದ ಸ್ವದೇಶಿ ಹಡಗು ಕಂಪನಿ. ಹಿಂದಿನ ಎರಡು ಕಥೆಗಳಲ್ಲಿ ಕಂಪನಿ ಎಂಬುದು ಎದುರಾಳಿಯ ಹೆಸರು. ಇಲ್ಲಿ ಹೋರಾಟಗಾರನೇ ಒಂದು ಕಂಪನಿ ಕಟ್ಟುತ್ತಾನೆ. ಹಡಗಿನ ಪೈಪೋಟಿ, 1908ರ ಹತ್ತಿಗಿರಣಿ ಮುಷ್ಕರ, ಕಲೆಕ್ಟರ್ ವಿಂಚ್‌ನೊಡನೆ ಘರ್ಷಣೆ, ಬಂಧನ, ಕೊಯಮತ್ತೂರು ಜೈಲಿನಲ್ಲಿ ಗಾಣಕ್ಕೆ ಹೂಡಿ ಎಳೆಸಿದ ಶಿಕ್ಷೆ. ಜಾಕ್ಸನ್, ಥ್ಯಾಕರೆ, ವಿಂಚ್ – ಮೂರು ಚಿತ್ರಗಳ ವಸ್ತುವಿನಲ್ಲಿಯೂ ಅಧಿಕಾರ ಕಲೆಕ್ಟರನ ರೂಪದಲ್ಲಿಯೇ ಬಾಗಿಲಿಗೆ ಬರುತ್ತದೆ. 1912ರ ಕೊನೆಯಲ್ಲಿ ಚಿದಂಬರಂ ಪಿಳ್ಳೆ ಬಿಡುಗಡೆಯಾಗಿ ಹೊರಬಂದಾಗ ಹಡಗಿನ ಕಂಪನಿ ಮುಚ್ಚಿಹೋಗಿತ್ತು, ಎದುರುಗೊಳ್ಳಲು ಜನಸಂದಣಿ ಇರಲಿಲ್ಲ. ಗಲ್ಲು ವೀರನಿಗೆ ಒಂದು ಮುಕ್ತಾಯವನ್ನಾದರೂ ಕೊಡುತ್ತದೆ. ಈತನಿಗೆ ಇನ್ನೂ ಇಪ್ಪತ್ತನಾಲ್ಕು ವರ್ಷಗಳ ಬಡತನ ಉಳಿದಿತ್ತು. ಶಿಷ್ಯನೊಬ್ಬ ಬಂದು ಕೈಹಿಡಿಯುವ ‘ಸ್ಕೂಲ್ ಮಾಸ್ಟರ್’ ಚಿತ್ರದ ಸಮಾಧಾನ ಇತಿಹಾಸದಲ್ಲಿ ದೊರೆಯಲಿಲ್ಲ. ಪ್ರೇಕ್ಷಕರು ಚಿತ್ರವನ್ನು ಕೈಬಿಟ್ಟರು. ಪ್ರಶಸ್ತಿ ಬಂದರೂ ನಿರ್ಮಾಪಕರಿಗೆ ದೊಡ್ಡ ನಷ್ಟವಾಯಿತು. ಪಂತುಲು ಅವರ ಚಾರಿತ್ರಿಕ ಚಿತ್ರಗಳಲ್ಲಿ ಅತ್ಯಂತ ಪ್ರಾಮಾಣಿಕವಾದುದು ಇದೇ ಎಂದು ಹೇಳಲು ಅಡ್ಡಿಯಿಲ್ಲ.

ಬೇರೆ ಬೇರೆ ಯುಗಗಳ ಸಂಕಟವನ್ನು ಒಟ್ಟಿಗೆ ಹೆಣೆದ ಪ್ರಯೋಗ ಚಲನಚಿತ್ರಕ್ಕೆ ಹೊಸದಲ್ಲ. ಅಮೆರಿಕದ ಡಿ.ಡಬ್ಲ್ಯು. ಗ್ರಿಫಿತ್ 1916ರ ‘ಇನ್‌ಟಾಲರೆನ್ಸ್’ ಮೂಕಿಚಿತ್ರದಲ್ಲಿ ಬ್ಯಾಬಿಲೋನಿನ ಪತನ, ಕ್ರಿಸ್ತನ ಕಾಲ, 1572ರ ಫ್ರಾನ್ಸಿನ ಹತ್ಯಾಕಾಂಡ ಮತ್ತು ತನ್ನ ಕಾಲದ ಕಾರ್ಮಿಕ ಜೀವನ ಈ ನಾಲ್ಕನ್ನೂ ಒಂದರೊಳಗೊಂದು ಕತ್ತರಿಸಿ ಜೋಡಿಸಿದನು. ಅದಕ್ಕೂ ಹಣದ ಸೋಲೇ ಕಾದಿತ್ತು. ಪಂತುಲು ಹಾಗೆ ಒಂದೇ ಚಿತ್ರದಲ್ಲಿ ಹೆಣೆಯಲಿಲ್ಲ. ಅವರು ಬಂದ ರಂಗಭೂಮಿಯಲ್ಲಿ ಒಂದು ರಾತ್ರಿಗೆ ಒಂದು ಕಥೆ; ಮರುರಾತ್ರಿ ಅದೇ ನಟರು ಬೇರೆ ಯುಗದ ವೇಷ ಧರಿಸುತ್ತಾರೆ. ಪ್ರೇಕ್ಷಕನ ನೆನಪಿನಲ್ಲಿ ಆ ಯುಗಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಅವರ ಚಿತ್ರಮಾಲೆಯನ್ನು ಓದಬೇಕಾದ ಕ್ರಮವೂ ಇದೇ.

ನಷ್ಟದ ನಂತರ ಅವರು ಇತಿಹಾಸದಿಂದ ಪುರಾಣಕ್ಕೆ ಸರಿದರು. 1964ರ ತಮಿಳು ‘ಕರ್ಣನ್’ ಹೆತ್ತವಳಿಂದಲೇ ಕೈಬಿಡಲ್ಪಟ್ಟವನ ಕಥೆಯೆಂಬುದನ್ನು ಮರೆಯುವಂತಿಲ್ಲ. ಆ ಬಳಿಕ ‘ಆಯಿರತ್ತಿಲ್ ಒರುವನ್’ (1965), ಕನ್ನಡದಲ್ಲಿ ‘ದುಡ್ಡೇ ದೊಡ್ಡಪ್ಪ’, ‘ಬೀದಿ ಬಸವಣ್ಣ’ ಮೊದಲಾದ ರಂಜನೆಯ ಚಿತ್ರಗಳು ಬಂದವು. ಸಂಸ್ಥೆ ಉಳಿಯಲು ಅವು ಬೇಕಾಗಿದ್ದವು. ಇಲ್ಲಿ ಅವುಗಳ ಚರ್ಚೆ ಅನಗತ್ಯ. ಅವರ ಬಳಿ ಸಹಾಯಕರಾಗಿ ದುಡಿದ ಪುಟ್ಟಣ್ಣ ಕಣಗಾಲ್ ಈ ಹೊತ್ತಿಗೆ ಸ್ವತಂತ್ರ ನಿರ್ದೇಶಕರಾಗಿ ಮುಂದೆ ಬಂದಿದ್ದರು.

1970ರ ‘ಶ್ರೀಕೃಷ್ಣದೇವರಾಯ’ದಲ್ಲಿ ಪಂತುಲು ಮತ್ತೆ ಇತಿಹಾಸಕ್ಕೆ ಬಂದರು. ರಾಯನ ಪಾತ್ರ ರಾಜಕುಮಾರ್ ಅವರದು. ತಮಗಾಗಿ ಪಂತುಲು ಆರಿಸಿಕೊಂಡದ್ದು ಮಹಾಮಂತ್ರಿ ತಿಮ್ಮರಸುವನ್ನು. ರಾಜ್ಯವನ್ನು ಕಟ್ಟಿ ಬೆಳೆಸಿದವನು ರಾಜಕುಮಾರನಿಗೆ ವಿಷವಿಕ್ಕಿದನೆಂಬ ಆರೋಪ ಹೊತ್ತು ಕಣ್ಣು ಕಳೆದುಕೊಂಡನೆಂಬುದು ಪರಂಪರಾಗತ ಕಥೆ. ಹನ್ನೆರಡು ವರ್ಷಗಳ ಹಿಂದೆ ನಿವೃತ್ತ ಮಾಸ್ತರನಾಗಿದ್ದ ನಟ ಈಗ ಹದಿನಾರನೆಯ ಶತಮಾನದ ವೇಷದಲ್ಲಿ ಅದೇ ಅನುಭವವನ್ನು ಅಭಿನಯಿಸಿದರು. ಕಂಪನಿಯಿಲ್ಲ, ಕಲೆಕ್ಟರನಿಲ್ಲ, ಕೈಬಿಡುವವನು ಮಗನಂತೆ ಸಾಕಿದ ದೊರೆ. ಆ ಅಭಿನಯಕ್ಕೆ ರಾಜ್ಯಸರ್ಕಾರದ ಶ್ರೇಷ್ಠ ನಟ ಪ್ರಶಸ್ತಿ ಸಂದಿತು.

1974ರಲ್ಲಿ ಅವರು ತಮಿಳಿನಲ್ಲಿ ಪಾಂಡ್ಯರ ಕಾಲದ ವಸ್ತುವೊಂದನ್ನು ಕೈಗೆತ್ತಿಕೊಂಡಿದ್ದರು. ಕಳೆದುಕೊಂಡ ಮಧುರೆಯನ್ನು ಮರಳಿ ಪಡೆಯುವ ಅರಸುಮಗನ ಕಥೆಯದು. ಅದು ಮುಗಿಯುವ ಮೊದಲೇ, ಅಕ್ಟೋಬರ್ 8ರಂದು ಪಂತುಲು ಬೆಂಗಳೂರಿನಲ್ಲಿ ನಿಧನರಾದರು. ಚಿತ್ರವನ್ನು ಅದರ ನಾಯಕನಟ ಎಂ.ಜಿ. ರಾಮಚಂದ್ರನ್ ಪೂರ್ಣಗೊಳಿಸಿದರು. 1978ರಲ್ಲಿ ಅದು ಬಿಡುಗಡೆಯಾಗುವಾಗ ಅವರು ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದರು.