ಕುದ್ಮುಲ್ ರಂಗರಾಯರು: ಬೀಜವೂ ನೆಲವೂ

ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯು ನಮ್ಮಲ್ಲಿ ಬಹು ಹಳೆಯದು. ಮನುಷ್ಯನ ಯೋಗ್ಯತೆಯು ರಕ್ತದಿಂದಲೇ ಬರತಕ್ಕದ್ದೆಂದೂ, ಕೆಳಗೆ ಹುಟ್ಟಿದವನು ಕೆಳಗೆಯೇ ಇರತಕ್ಕವನೆಂದೂ ಸಾಧಿಸುವವರಿಗೆ ಇದು ಶತಮಾನಗಳಿಂದ ಊರುಗೋಲಾಗಿ ಒದಗಿದೆ. ಆ ಊರುಗೋಲಿನ ಗಟ್ಟಿತನವನ್ನು ಕೃತಿಯಿಂದ ಪರೀಕ್ಷಿಸಿದ ಮಹನೀಯರೊಬ್ಬರು ನಮ್ಮ ಮಂಗಳೂರಿನಲ್ಲಿ ಬಾಳಿದರು. ಕುದ್ಮುಲ್ ರಂಗರಾಯರ ಹೆಸರನ್ನು ನಗರದ ಪುರಭವನವು ಹೊತ್ತಿದೆ. ಅವರು ಕೈಗೊಂಡ ಪರೀಕ್ಷೆ ಯಾವುದು, ಅದರ ಫಲವೇನು ಎಂಬುದನ್ನು ವಾಚಕರು ಮರಳಿ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

ರಂಗರಾಯರು 1859ನೆಯ ಇಸವಿ ಜೂನ್ 29ರಂದು ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆಯು ತೀರಿಕೊಂಡುದರಿಂದ ಜೀವನೋಪಾಯವನ್ನರಸಿ ಮಂಗಳೂರಿಗೆ ಬಂದು, ಅಲ್ಪ ಸಂಬಳದ ಉಪಾಧ್ಯಾಯರಾಗಿ, ಸಂಸಾರಭಾರವನ್ನು ಹೊತ್ತುಕೊಂಡೇ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ವಕೀಲರಾದರು. ಬಡವರ ಪಕ್ಷವನ್ನು ವಹಿಸತಕ್ಕ ವಕೀಲರೆಂದು ಅವರಿಗೆ ಹೆಸರು ಬಂದಿತು. ಆ ಕಾಲದ ಮಂಗಳೂರಾದರೋ ಸಾಮಾನ್ಯವಾದ ಊರಾಗಿರಲಿಲ್ಲ. 1834ರಿಂದ ಬಾಸೆಲ್ ಮಿಷನಿನವರ ಶಾಲೆ, ಮುದ್ರಣಾಲಯ, ನೇಯ್ಗೆಯ ಕಾರ್ಖಾನೆಗಳು ಇಲ್ಲಿ ಒಂದೊಂದಾಗಿ ಎದ್ದಿದ್ದುವು. 1870ರಲ್ಲಿ ಬ್ರಾಹ್ಮಸಮಾಜವೂ ಇಲ್ಲಿ ನೆಲೆಗೊಂಡಿತು. ರಂಗರಾಯರು ಆ ಸಮಾಜವನ್ನು ಸೇರಿದರು.

ಇವೆಲ್ಲವೂ ಅವರನ್ನು ರೂಪಿಸಿದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಕುಲದಲ್ಲಿ ಹುಟ್ಟಿ, ಅದೇ ಊರಿನಲ್ಲಿ ಓದಿ, ಅದೇ ಕೋರ್ಟಿನ ಮೆಟ್ಟಲುಗಳನ್ನು ಹತ್ತಿಳಿದ ಇತರರು ಹಲವರಿದ್ದರು. ಅವರ ಕಣ್ಣಿಗೆ ಬೀಳದ ಅನ್ಯಾಯವು ರಂಗರಾಯರ ನಿದ್ದೆಯನ್ನು ಕೆಡಿಸಿತು. ಮನುಷ್ಯನೊಬ್ಬನು ತಾನೇ ತಾನಾಗುವುದಕ್ಕೆ ಕುಲವೊಂದೇ ಸಾಲದು, ಊರೊಂದೇ ಸಾಲದು ಎಂಬುದಕ್ಕೆ ಅವರ ಬಾಳೇ ಮೊದಲ ದೃಷ್ಟಾಂತವಾಗಿದೆ.

ಅಂದು ಪಂಚಮರೆನಿಸಿಕೊಂಡವರ ಮಕ್ಕಳಿಗಾಗಿ ಅವರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಶಾಲೆಯನ್ನು ತೆರೆದರು. ಪಾಠ ಹೇಳಲು ಮೇಲ್ಜಾತಿಯ ಉಪಾಧ್ಯಾಯರು ಮುಂದೆ ಬಾರದೆ, ಕ್ರೈಸ್ತ ಉಪಾಧ್ಯಾಯರನ್ನು ಕರೆತರಬೇಕಾಯಿತು. ಸ್ವಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ವಿರೋಧವು ಹೆಚ್ಚಿದಂತೆ ಶಾಲೆಯು ನೆಲೆಯನ್ನು ಬದಲಿಸಬೇಕಾಯಿತು. ಅವರು ಹಿಂಜರಿಯಲಿಲ್ಲ; 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನೇ ಕಟ್ಟಿದರು. ಈ ಮಕ್ಕಳ ತಲೆಗೆ ಅಕ್ಷರವು ಹತ್ತುವುದಿಲ್ಲ, ಅದು ಅವರ ಹುಟ್ಟಿನಲ್ಲಿಯೇ ಇಲ್ಲ ಎಂಬುದೇ ಅಂದಿನ ಬಲ್ಲವರ ವಾದವಾಗಿದ್ದಿತು.

ಹುಟ್ಟಿನಲ್ಲಿ ಏನಿದೆಯೆಂಬುದನ್ನು ಆಗ ಬಲ್ಲವರಾದರೂ ಯಾರು? ಬಟಾಣಿ ಗಿಡಗಳಿಂದ ಅನುವಂಶೀಯತೆಯ ನಿಯಮವನ್ನು ಕಂಡುಹಿಡಿದ ಮೆಂಡೆಲನ ಪ್ರಬಂಧವು 1865ರಲ್ಲಿ ಓದಲ್ಪಟ್ಟಿದ್ದರೂ, ಲೋಕವು ಅದಕ್ಕೆ ಕಿವಿಗೊಟ್ಟುದು 1900ರಲ್ಲಿ. ಇಂದು ಮನುಷ್ಯನ ದೇಹದಲ್ಲಿ ಸುಮಾರು 20,000 ವಂಶವಾಹಿಗಳನ್ನು ಗುರುತಿಸಲಾಗಿದೆ. ಆದರೂ ಇಂಥ ವಂಶವಾಹಿಯಿಂದ ಇಂಥ ಮನುಷ್ಯನೇ ಆಗುವನೆಂದು ಹೇಳಲು ವಿಜ್ಞಾನವು ಒಪ್ಪುವುದಿಲ್ಲ. ಫಿನೈಲ್‌ಕೀಟೋನೂರಿಯವೆಂಬ ಹುಟ್ಟುರೋಗದ ಸಂಗತಿಯನ್ನು ನೋಡಿರಿ. ಅನ್ನದಲ್ಲಿರುವ ಒಂದು ಅಂಶವನ್ನು ಅರಗಿಸಿಕೊಳ್ಳುವ ಶಕ್ತಿಯು ಆ ಶಿಶುವಿಗೆ ವಂಶದಿಂದಲೇ ಬಂದಿರುವುದಿಲ್ಲ. ಎಲ್ಲರಂತೆ ಉಣಿಸಿದರೆ ಅದರ ಬುದ್ಧಿಯು ಕುಂದುತ್ತದೆ. ಮೊದಲ ದಿನಗಳಿಂದಲೇ ಆ ಅಂಶವನ್ನು ಮಿತಗೊಳಿಸಿ ಉಣಿಸಿದರೆ ಇತರ ಮಕ್ಕಳಂತೆಯೇ ಬೆಳೆಯುತ್ತದೆ. ದೋಷವು ರಕ್ತದಲ್ಲಿದ್ದರೂ ಅದರ ಫಲವನ್ನು ನಿರ್ಣಯಿಸುವುದು ಊಟದ ಎಲೆ.

ನಮ್ಮ ಜಿಲ್ಲೆಯ ಒಕ್ಕಲಿಗನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದೇ ಕಣಜದ ಬೀಜವನ್ನು ನೀರು ನಿಲ್ಲುವ ಬೈಲುಗದ್ದೆಯಲ್ಲಿಯೂ, ಮಳೆಯನ್ನೇ ನಂಬಿದ ಬೆಟ್ಟುಗದ್ದೆಯಲ್ಲಿಯೂ ಬಿತ್ತಿದರೆ ಬೆಳೆಯು ಒಂದೇ ಆಗದು. ಬೆಟ್ಟಿನ ಪೈರು ಸೊರಗಿತೆಂದು ಬೀಜವನ್ನು ದೂಷಿಸುವ ರೈತನು ಎಲ್ಲಿಯೂ ಇಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ನಾವು, ತಲೆತಲಾಂತರದಿಂದ ನೀರು ಕಾಣಿಸದ ಬೆಟ್ಟಿನಲ್ಲಿ ಕೆಲವರನ್ನಿರಿಸಿ, ಬೀಜವೇ ಜೊಳ್ಳೆಂದು ತೀರ್ಪು ಕೊಟ್ಟೆವು.

ರಂಗರಾಯರು ನೀರನ್ನು ಹಾಯಿಸಿದರು. ಹಸಿದ ಮಗುವಿಗೆ ಅಕ್ಷರವು ರುಚಿಸದೆಂದು ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನಿಕ್ಕಿದರು; ಕೂಲಿ ತಪ್ಪುವುದೆಂದು ಹೆತ್ತವರು ಮಕ್ಕಳನ್ನು ಹಿಂದೆಗೆಯದಂತೆ, ಹಾಜರಾದವರಿಗೆ ಕಾಸನ್ನೂ ಕೊಟ್ಟರು. ನೇಯ್ಗೆ ಮತ್ತು ಮರಗೆಲಸಗಳನ್ನು ಕಲಿಸಿದರು. ಮನೆಯಿಲ್ಲದವರಿಗೆ ನಿವೇಶನಗಳನ್ನು ದೊರಕಿಸಿದರು. ಕೊರಗರ ಹಿತಕ್ಕಾಗಿಯೂ ದುಡಿದರು. ಕೊಡಿಯಾಲಬೈಲಿನ ಸಂಸ್ಥೆಯಿಂದ ಮೊದಲ್ಗೊಂಡು ಮೂಲ್ಕಿ, ಉಡುಪಿಗಳವರೆಗೆ ಶಾಲೆಗಳು ಹಬ್ಬಿದುವು. ಅಲ್ಲಿ ಕಲಿತವರಲ್ಲಿ ಕೆಲವರು ತಾವೇ ಉಪಾಧ್ಯಾಯರಾದರು. ಅಕ್ಷರವು ಹತ್ತದೆಂದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ಬೇಕಾಗಿರಲಿಲ್ಲ. 1934ರ ಫೆಬ್ರವರಿಯಲ್ಲಿ ಮಹಾತ್ಮ ಗಾಂಧಿಯವರು ಮಂಗಳೂರಿಗೆ ಬಂದಾಗ ಈ ಸಂಸ್ಥೆಯನ್ನು ಸಂದರ್ಶಿಸಿದರು.

ಹಾಗಾದರೆ ನೆಲವೊಂದೇ ಸಾಕೆ, ಬೀಜಕ್ಕೆ ಬೆಲೆಯಿಲ್ಲವೆ ಎಂದು ಕೇಳುವವರಿಗೆ ರಂಗರಾಯರ ಮನೆತನವೇ ಉತ್ತರ ಕೊಡುತ್ತದೆ. ಅವರ ಮಗಳು ರಾಧಾಬಾಯಿಯವರು 1912ರಲ್ಲಿ, ಜಾತಿಯ ಗೋಡೆಯನ್ನು ದಾಟಿ, ಸೇಲಂ ಜಿಲ್ಲೆಯ ಕುಮಾರಮಂಗಲದ ಜಮೀನ್ದಾರರಾದ ಪಿ. ಸುಬ್ಬರಾಯನ್ ಅವರನ್ನು ವಿವಾಹವಾದರು. 1930ರ ದುಂಡುಮೇಜಿನ ಪರಿಷತ್ತಿನಲ್ಲಿಯೂ, ಮುಂದೆ ದೆಹಲಿಯ ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿಯೂ ಆಕೆ ಸ್ಥಾನ ಪಡೆದರು. ಆಕೆಯ ಹಿರಿಯ ಮಗ ಪಿ. ಪಿ. ಕುಮಾರಮಂಗಲಂ ಅವರು 1966ರಿಂದ 1969ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ಇನ್ನೊಬ್ಬ ಮಗ ಮೋಹನರು ಕಮ್ಯೂನಿಸ್ಟರಾಗಿ ಬ್ರಿಟಿಷರ ಸೆರೆಮನೆಯನ್ನು ಕಂಡು, ಕಡೆಗೆ ಕೇಂದ್ರ ಸರಕಾರದ ಮಂತ್ರಿಗಳಾಗಿ 1973ರ ವಿಮಾನ ಅಪಘಾತದಲ್ಲಿ ಮಡಿದರು. ಮಗಳು ಪಾರ್ವತಿ ಕೃಷ್ಣನ್ ಅವರು ಕಮ್ಯೂನಿಸ್ಟ್ ಪಕ್ಷದವರಾಗಿ ಕೊಯಮತ್ತೂರಿನಿಂದ ಲೋಕಸಭೆಗೆ ಆರಿಸಿ ಬಂದರು. ಇವರೆಲ್ಲರೂ ಒಂದೇ ತಾಯಿಯ ಮಕ್ಕಳು. ಅಣ್ಣತಮ್ಮಂದಿರಿಬ್ಬರೂ ಇಂಗ್ಲೆಂಡಿನ ಈಟನ್ ಶಾಲೆಯಲ್ಲಿಯೇ ಓದಿದವರು. ಆ ಶಾಲೆಯಿಂದ ಒಬ್ಬರು ಅರಸನ ಸೈನ್ಯಕ್ಕೂ, ಇನ್ನೊಬ್ಬರು ಅರಸನ ಸೆರೆಮನೆಗೂ ಹೋದರು.

ಒಡಹುಟ್ಟಿದವರಲ್ಲಿ ಸರಾಸರಿ ಅರ್ಧದಷ್ಟು ವಂಶಾಂಶವು ಮಾತ್ರ ಸಮಾನವಾಗಿರುತ್ತದೆ. ವಂಶಾಂಶವೆಲ್ಲವೂ ಒಂದೇ ಆಗಿರುವ ಅವಳಿಗಳ ಬೆರಳಚ್ಚುಗಳು ಕೂಡ ಬೇರೆ ಬೇರೆ. ಪ್ರತಿಯೊಬ್ಬನ ಹಾದಿಯಲ್ಲಿ ಎದುರಾಗುವ ಗೆಳೆಯರು, ಗ್ರಂಥಗಳು, ಕಷ್ಟಗಳು ಬೇರೆ. ಅವುಗಳನ್ನು ಗ್ರಹಿಸುವ ಮನಸ್ಸೂ ಬೇರೆ. ಅವಕಾಶವನ್ನು ಸಮನಾಗಿ ಹಂಚಿದರೆ ಜನರೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಾಗುವರೆಂಬ ಭಯವು ಅನಾವಶ್ಯಕವಾದುದು. ಅನ್ನವೂ ಅಕ್ಷರವೂ ದೊರೆತಾಗಲೇ ಒಬ್ಬನು ಇನ್ನೊಬ್ಬನಿಗಿಂತ ಹೇಗೆ ಬೇರೆಯೆಂಬುದು ಬೆಳಕಿಗೆ ಬರುವುದು. ಅದಕ್ಕೆ ಮೊದಲು ನಮಗೆ ಕಾಣುವುದು ಬಡತನದ ಒಂದೇ ಮುಖ.

ರಂಗರಾಯರು 1927ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರಾದರು. 1928ನೆಯ ಇಸವಿ ಜನವರಿ 30ರಂದು ದೇಹವನ್ನು ಬಿಟ್ಟರು. ತಮ್ಮ ಅಂತ್ಯಕ್ರಿಯೆಯು ತೋಟಿಗಳ ಕೈಯಿಂದಲೇ ನಡೆಯಬೇಕೆಂದು ಅವರು ಬಯಸಿದ್ದರು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಅಧಿಕಾರಕ್ಕೇರಿ ಊರಿನ ಬೀದಿಯಲ್ಲಿ ಕಾರಿನಲ್ಲಿ ಸಾಗುವಾಗ, ಅದರ ಧೂಳು ತಮ್ಮ ತಲೆಗೆ ಸೋಕಿದರೆ ಜನ್ಮವು ಸಾರ್ಥಕವೆಂಬ ಅವರ ಹಂಬಲವನ್ನು ಈ ಜಿಲ್ಲೆಯು ಮರೆತಿಲ್ಲ.

ಇಂದು ಜಾತಿಯ ಹೆಸರಿನಲ್ಲಿ ಆಡಲು ನಾಚುವ ಮಾತನ್ನು ವಂಶವಾಹಿಯ ಹೆಸರಿನಲ್ಲಿ ಆಡುವವರುಂಟು. ಶಾಲೆಯ ದಾಖಲೆಯಲ್ಲಿ ತಂದೆಯ ಕಸುಬನ್ನು ಓದಿ ಮಗುವಿನ ಬುದ್ಧಿಯನ್ನು ಅಳೆಯುವ ಉಪಾಧ್ಯಾಯರೂ, ಅರ್ಜಿಯ ಮೇಲಿನ ಹೆಸರನ್ನು ನೋಡಿ ಯೋಗ್ಯತೆಯನ್ನು ನಿರ್ಣಯಿಸುವ ಅಧಿಕಾರಿಗಳೂ ಇನ್ನೂ ಇಲ್ಲದಿಲ್ಲ. ಅಂಥವರು ಕುದ್ಮುಲ್ ರಂಗರಾಯರ ಚರಿತ್ರೆಯನ್ನೊಮ್ಮೆ ಓದಲಿ. ಬೀಜದ ಗುಣವನ್ನು ಕುರಿತು ಮಾತನಾಡುವ ಅಧಿಕಾರವು, ಗದ್ದೆಗೆ ನೀರು ಬಿಟ್ಟು ಪೈರು ಏಳುವವರೆಗೆ ಕಾದವನಿಗಲ್ಲದೆ ಮತ್ತಾರಿಗೂ ಇಲ್ಲ.